ದೋಣಿಯ ಎಂಜಿನ್ ಮತ್ತು ಇಚ್ಛೆಯ ಪರಿಮಾಣ

‘ತೀರ್ಥ’ವೆಂದರೆ ನದಿಯನ್ನು ದಾಟುವ ತಾಣ. ಸಂಸಾರವೆಂಬ ಪ್ರವಾಹವನ್ನು ದಾಟುವ ದಾರಿ ತೋರಿದವರು ತೀರ್ಥಂಕರರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಜನರಿಗೆ ಈ ಮಾತು ಕೇವಲ ರೂಪಕವಲ್ಲ. ವೇದಗಂಗೆ, ದೂಧಗಂಗೆ, ಕೃಷ್ಣೆಯರ ನಡುವಿನ ಈ ನಾಡಿನಲ್ಲಿ ನದಿ ದಾಟುವುದೂ ಬದುಕಿನ ಭಾಗವೇ ಆಗಿತ್ತು. 1872ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರರು ಈ ಸೀಮೆಯ ಭೋಜ ಗ್ರಾಮದವರು. ಗೃಹಸ್ಥಾವಸ್ಥೆಯಲ್ಲಿ ಸಾತಗೌಡರೆಂಬ ಹೆಸರಿನಿಂದಿದ್ದಾಗ ಅವರು ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿ ದಾಟಿಸಿದ ಪ್ರಸಂಗವನ್ನು ಅವರ ಚರಿತ್ರೆಯನ್ನು ಬಲ್ಲವರು ಇಂದಿಗೂ ಸ್ಮರಿಸುತ್ತಾರೆ.

ಇಂದು ಹೆಗಲಿನ ಬದಲು ಯಂತ್ರವಿದೆ. ಯಂತ್ರದೊಂದಿಗೆ ಒಂದು ಪ್ರಶ್ನೆಯೂ ಬರುತ್ತದೆ. ನದಿಯಾಚೆ ಹೊಲವಿರುವ ಒಬ್ಬ ಶ್ರಾವಕನನ್ನು ಭಾವಿಸೋಣ. ಅವನ ಚಿಕ್ಕ ದೋಣಿಯ ಎಂಜಿನ್ ಹಳೆಯದಾಗಿದೆ. ಹಗ್ಗ ಹಲವು ಬಾರಿ ಎಳೆದರೂ ಚಾಲೂ ಆಗುವುದಿಲ್ಲ. ಕೆಲವೊಮ್ಮೆ ನಡುನೀರಿನಲ್ಲೇ ನಿಲ್ಲುತ್ತದೆ. ಹೆಚ್ಚು ಶಕ್ತಿಯ ಹೊಸ ಎಂಜಿನ್ ಕೊಳ್ಳಬೇಕೆ? ಇದ್ದುದನ್ನೇ ದುರಸ್ತಿ ಮಾಡಿಸಬೇಕೆ? ಅಪರಿಗ್ರಹವನ್ನು ನಂಬಿದವನು ಹಳೆಯದರಲ್ಲೇ ತೃಪ್ತನಾಗಿರಬೇಕಲ್ಲವೆ?

ಶಾಸ್ತ್ರವು ಈ ಪ್ರಶ್ನೆಯನ್ನು ಅಷ್ಟು ಸುಲಭಗೊಳಿಸುವುದಿಲ್ಲ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥ ಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮನಸ್ಸಿನ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಹೇಳಿದ್ದಾರೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ನೀಡಿದ್ದಾರೆ. ಗೃಹಸ್ಥನು ಅಳೆಯಬೇಕಾದುದು ಮೊದಲು ತನ್ನ ಇಚ್ಛೆಯನ್ನು. ಹೊಸದನ್ನು ಬಯಸುವುದು ಮಮತ್ವವಾಗಬಹುದು. ‘ಇದು ನನ್ನದು’ ಎಂದು ಅಪಾಯಕಾರಿಯಾದ ಹಳೆಯದನ್ನೇ ಬಿಡದಿರುವುದೂ ಮಮತ್ವವೇ.

ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನ ಸ್ವಭಾವವನ್ನು ಇಲ್ಲಿ ನೋಡಬೇಕು. ಅದರಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಇಂಧನದ ಒಂದು ಭಾಗ ಸುಡದೆಯೇ ಹೊಗೆಯೊಂದಿಗೆ ಹೊರಬಿದ್ದು ನೀರನ್ನು ಸೇರುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಪ್ರತ್ಯೇಕವಾಗಿರುವುದರಿಂದ ಈ ಮಾಲಿನ್ಯ ಕಡಿಮೆ. ನೀರನ್ನೇ ದೇಹವಾಗಿ ಹೊಂದಿದ ಅಪ್ಕಾಯಿಕ ಜೀವಗಳನ್ನೂ, ನೀರಿನಲ್ಲಿ ಚಲಿಸುವ ತ್ರಸ ಜೀವಗಳನ್ನೂ ಒಪ್ಪುವ ಧರ್ಮಕ್ಕೆ ಈ ವ್ಯತ್ಯಾಸ ಅಲ್ಪವಲ್ಲ. ಗೃಹಸ್ಥನು ಉದ್ಯೋಗದ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನು, ತಗ್ಗಿಸಬಲ್ಲನು.

ಹಾಗೆಂದು ದೊಡ್ಡ ಎಂಜಿನ್ನೇ ಪರಿಹಾರವೆಂದಲ್ಲ. ಪ್ರತಿಯೊಂದು ದೋಣಿಗೂ ಹೊರುವ ಮಿತಿಯಿದೆ. ಮಿತಿಮೀರಿದ ಎಂಜಿನ್ ಕಟ್ಟಿದರೆ ಅದರ ಭಾರಕ್ಕೆ ಹಿಂಬದಿ ನೀರಿಗೆ ಬಾಗುತ್ತದೆ, ಎಂಜಿನ್ ಹೊತ್ತ ಹಲಗೆ ಬಿರುಕು ಬಿಡಬಹುದು, ವೇಗದಲ್ಲಿ ತಿರುಗಿಸಿದಾಗ ದೋಣಿ ಮಗುಚಬಹುದು. ಅನರ್ಥದಂಡ ವಿರತಿಯ ಐದು ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣವೂ ಒಂದು. ಪ್ರಯೋಜನವನ್ನು ವಿಚಾರಿಸದೆ ಅಗತ್ಯಕ್ಕಿಂತ ಹೆಚ್ಚಾಗಿ ಕಾರ್ಯಕ್ಕಿಳಿಯುವುದು ಅದರ ಅರ್ಥ. ಬೇಕಾದುದಕ್ಕಿಂತ ಹೆಚ್ಚು ಭೋಗಸಾಮಗ್ರಿಯನ್ನು ಕೂಡಿಡುವುದು ಇನ್ನೊಂದು ಅತಿಚಾರ. ನೆರೆಯವನ ದೋಣಿಗಿಂತ ಮುಂದೆ ಹೋಗಬೇಕೆಂಬ ಆಸೆಗೆ ಕೊಂಡ ಅಶ್ವಶಕ್ತಿ ಇವೆರಡಕ್ಕೂ ಸೇರುತ್ತದೆ.

ಆದ್ದರಿಂದ ನಿರ್ಣಯಕ್ಕೆ ಒಂದು ಕ್ರಮವಿದೆ. ಮೊದಲು ತಿಳಿದ ಮೇಸ್ತ್ರಿಯಿಂದ ಸಿಲಿಂಡರಿನ ಒತ್ತಡವನ್ನು ಪರೀಕ್ಷಿಸಬೇಕು. ಒತ್ತಡ ಸರಿಯಿದ್ದರೆ ದೋಷವು ಕಾರ್ಬ್ಯುರೇಟರಿನಲ್ಲೋ ಸ್ಪಾರ್ಕ್ ಪ್ಲಗ್ಗಿನಲ್ಲೋ ಇರಬಹುದು. ಸ್ವಲ್ಪ ವೆಚ್ಚದಲ್ಲೇ ಎಂಜಿನ್ ಇನ್ನಷ್ಟು ಕಾಲ ಬಾಳೀತು. ಆಗ ಹೊಸದರ ಬಯಕೆ ಕೇವಲ ಇಚ್ಛೆ. ಸಿಲಿಂಡರ್ ಸವೆದು, ದುರಸ್ತಿಯ ಮೇಲೂ ನಂಬಿಕೆಗೆ ಅರ್ಹವಲ್ಲವೆಂದಾದರೆ ಬದಲಿಸುವುದೇ ಧರ್ಮ. ಆದರೆ ದೋಣಿಗೆ ತಕ್ಕಷ್ಟೇ ಶಕ್ತಿಯದನ್ನು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಈ ನದೀತೀರದ ಗ್ರಾಮಗಳನ್ನು ನೀರು ಸುತ್ತುವರಿದಾಗ ದೋಣಿಯೇ ಅನೇಕರಿಗೆ ಆಸರೆಯಾಗಿತ್ತು. ಅಂತಹ ಹೊತ್ತಿನಲ್ಲಿ ನಡುಹೊಳೆಯಲ್ಲಿ ನಿಲ್ಲುವ ಎಂಜಿನ್ ಮಿತವ್ಯಯದ ಗುರುತಲ್ಲ, ಪ್ರಮಾದ. ಪ್ರಮಾದದಿಂದಾಗುವ ಪ್ರಾಣಹಾನಿಯನ್ನೇ ಜೈನಶಾಸ್ತ್ರ ಹಿಂಸೆಯೆಂದು ಗುರುತಿಸುತ್ತದೆ.

ಕೊನೆಯ ಪರೀಕ್ಷೆ ಹಳೆಯ ಎಂಜಿನ್ನಿನದು. ಅದರ ದೋಷವನ್ನು ಮುಚ್ಚಿಟ್ಟು ಮಾರಿದರೆ ಸತ್ಯಾಣುವ್ರತಕ್ಕೆ ಭಂಗ. ಕೊಂಡವನ ಮನೆಮಂದಿ ನಡುನೀರಿನಲ್ಲಿ ಸಿಲುಕಿದರೆ ಆ ಹೊಣೆಯಿಂದ ಮಾರಿದವನು ಪಾರಾಗಲಾರನು. ದೋಷವನ್ನು ತಿಳಿಸಿ ಮಾರಬೇಕು, ಇಲ್ಲವೆ ಬಿಡಿಭಾಗಗಳಿಗಷ್ಟೇ ಕೊಡಬೇಕು. ಬೆಲೆ ಕಡಿಮೆ ಬರುತ್ತದೆ ನಿಜ. ಆ ನಷ್ಟವನ್ನು ಸಮಾಧಾನದಿಂದ ಸಹಿಸುವುದೂ ವ್ರತಪಾಲನೆಯೇ.

ಮುನಿಯು ಎಲ್ಲವನ್ನೂ ತ್ಯಜಿಸಿ ನಡೆಯುತ್ತಾನೆ. ಶ್ರಾವಕನು ಇಟ್ಟುಕೊಂಡು, ಅಳೆದು ನಡೆಯುತ್ತಾನೆ. ಕೊಳ್ಳುವ ಮುನ್ನ ಎಷ್ಟು ಬೇಕು, ಏಕೆ ಬೇಕು, ಯಾರಿಗೆ ನೋವು ಎಂಬ ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡವನು ಅಣುವ್ರತದ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟಂತೆಯೇ.