ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸೈನಿಕನೇ ಅಲ್ಲವೇ?

“ನಮ್ಮ ಮುತ್ತಜ್ಜ ಶೇತಸನದಿ ಆಗಿದ್ದ” ಎಂಬ ಮಾತು ಗೋಕಾಕ, ಹುಕ್ಕೇರಿ ಕಡೆಯ ಮನೆಗಳಲ್ಲಿ ಕೇಳಿಬಂದರೆ, ಮೊದಲು ಏಳುವ ಪ್ರಶ್ನೆ: ಹಾಗಾದರೆ ಪಗಾರದ ದಾಖಲೆ ಎಲ್ಲಿ? ದಾಖಲೆ ಸಿಗದಿದ್ದರೆ ಅದು ಕಟ್ಟುಕತೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಇದು ತಪ್ಪು.

ಮರಾಠಿಯಲ್ಲಿ ಶೇತ ಎಂದರೆ ಹೊಲ. ಸನದು ಎಂದರೆ ಆಳುವವರು ಕೊಟ್ಟ ಹಕ್ಕುಪತ್ರ. ಶೇತಸನದಿಗೆ ತಿಂಗಳ ಸಂಬಳದ ಬದಲು ಹೊಲವೇ ಸಂಬಳ. ಊರು ಕಾಯುವುದು, ಕರೆ ಬಂದಾಗ ಆಯುಧ ಹಿಡಿದು ಹೋಗುವುದು ಅವನ ಕೆಲಸ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ.

ಹೀಗಾಗಿ ಇಲ್ಲಿ ಸೇವೆಯ ಗುರುತು ಉಳಿದಿರುವುದು ಸೇನೆಯ ಕಡತಕ್ಕಿಂತ ಹೆಚ್ಚಾಗಿ ಭೂದಾಖಲೆಯಲ್ಲಿ. 1852ರ ಕಾಯ್ದೆಯಡಿ ಮುಂಬಯಿ ಪ್ರಾಂತ್ಯದ ಇನಾಂ ಕಮಿಷನ್ ಇನಾಂ ಜಮೀನುಗಳ ಹಕ್ಕನ್ನು ಪರಿಶೀಲಿಸಿತು. ಕರ್ನಾಟಕದ 1961ರ ಕಾಯ್ದೆ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿ, ಅವುಗಳ ಜಮೀನನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡಲು ಅವಕಾಶ ಕೊಟ್ಟಿತು. ಹಳೆಯ ಉತಾರ, ಹಕ್ಕುಬದಲಾವಣೆಯ ನೋಂದಣಿ, ಮರುಮಂಜೂರಾತಿ ಆದೇಶಗಳಲ್ಲಿ ಹುಡುಕಬೇಕು.

ಅಮೆರಿಕದಲ್ಲೂ ಇಂಥದೇ ತೊಡಕಿತ್ತು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಎಷ್ಟೋ ನಾಡಪಡೆಯವರ ಬಳಿ ಕಾಗದವಿರಲಿಲ್ಲ. 1832ರ ಪಿಂಚಣಿ ಕಾಯ್ದೆ ಬಂದಾಗ ಮುದುಕರು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ತಮ್ಮ ಸೇವೆಯ ಕತೆ ಹೇಳಿದರು. ಆ ಹೇಳಿಕೆಗಳೇ ಇಂದು ದಾಖಲೆ.

ಒಂದು ಎಚ್ಚರಿಕೆ: ಅಡ್ಡಹೆಸರೊಂದೇ ಪುರಾವೆಯಲ್ಲ. ಸರ್ವೆ ನಂಬರು, ಊರು, ಹಿರಿಯರ ಹೆಸರು ಮೂರೂ ಹೊಂದಬೇಕು. ಮನೆಯ ಹಿರಿಯರನ್ನು ಇಂದೇ ಕೇಳಿ ಬರೆದಿಟ್ಟುಕೊಳ್ಳೋಣ.