ತಪ್ಪಕ್ಷರಕ್ಕೆ ಮುಚ್ಚದ ಮುಷ್ಟಿ

ಪೀಣ್ಯವೆಂದರೆ ಲೇತ್, ಬಿಡಿಭಾಗಗಳ ನೆನಪು. 1989ರಲ್ಲಿ ಆರಂಭವಾದ ಬ್ಯಾಂಗಲೋರ್ ಜೀನೈ ಅಲ್ಲಿಂದ ಪ್ರಯೋಗಾಲಯಗಳಿಗೆ ಒದಗಿಸಿದ್ದು ಡಿಎನ್‌ಎ ನಕಲು ಮಾಡುವ ಕಿಣ್ವ, ಟ್ಯಾಕ್ ಪಾಲಿಮರೇಸ್.

ನಿಮ್ಮ ಬಲಗೈ ನೋಡಿಕೊಳ್ಳಿ. ಪಾಲಿಮರೇಸಿಗೂ ಅಂಗೈ, ಬೆರಳು, ಹೆಬ್ಬೆರಳುಗಳಂಥ ಭಾಗಗಳಿವೆ. ಡಿಎನ್‌ಎ ಅಕ್ಷರಗಳಲ್ಲಿ 'ಎ'ಗೆ 'ಟಿ', 'ಜಿ'ಗೆ 'ಸಿ' ಜೋಡಿ. ಸರಿಜೋಡಿ ಕೂತರೆ ಬೆರಳುಗಳು ಮಡಚಿ, ಬೆಸುಗೆ ಬೀಳುತ್ತದೆ. 'ಜಿ' ಎದುರು 'ಟಿ' ಬಂದರೆ? ಜೋಡಿ ಸೊಟ್ಟ, ಮುಷ್ಟಿ ಪೂರ್ತಿ ಮುಚ್ಚದು, ಬೆಸುಗೆ ತಡವಾಗಿ ಅಕ್ಷರ ಸಾಮಾನ್ಯವಾಗಿ ಜಾರಿಹೋಗುತ್ತದೆ.

ಆದರೂ ಒಮ್ಮೊಮ್ಮೆ ತಪ್ಪು ನುಸುಳುತ್ತದೆ. ಆಗ ನಮ್ಮ ಜೀವಕೋಶದ ಮುಖ್ಯ ಪಾಲಿಮರೇಸ್‌ಗಳು ಎಳೆಯ ತುದಿಯನ್ನು ಪಕ್ಕದ ಕತ್ತರಿ-ತಾಣಕ್ಕೆ ಸರಿಸಿ, ತಪ್ಪನ್ನು ಕತ್ತರಿಸಿ ಮತ್ತೆ ಬರೆಯುತ್ತವೆ. ಹುಟ್ಟಿನಿಂದಲೇ ಈ ಕತ್ತರಿ ಮೊಂಡಾಗಿದ್ದವರಿಗೆ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚು. ಟ್ಯಾಕ್‌ಗೋ ಆ ಕತ್ತರಿಯೇ ಇಲ್ಲ! ಬಿಸಿ ತಾಳುವ ಗುಣಕ್ಕಾಗಿ ಅದನ್ನು ಸಹಿಸಿಕೊಂಡವರು, ನಕಲನ್ನು ಮತ್ತೊಮ್ಮೆ ಓದಿ ನೋಡುತ್ತಾರೆ.