ಮಕ್ಕಳ ಪ್ರಶ್ನೆಯೂ ಹಿರಿಯರ ಉತ್ತರವೂ

ಮಕ್ಕಳು ಕೇಳಿದ ಪ್ರಶ್ನೆಗೆ ಒಡನೆಯೇ ಉತ್ತರ ಹೇಳತಕ್ಕವನೇ ಒಳ್ಳೆಯ ಉಪಾಧ್ಯಾಯನೆಂದು ನಾನು ಮೂವತ್ತೈದು ವರ್ಷಗಳ ಕಾಲ ನಂಬಿದ್ದೆನು. ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ, ಎಂಟು ವರ್ಷದ ನನ್ನ ಮೊಮ್ಮಗಳು ಆ ನಂಬಿಕೆಯನ್ನು ಒಂದೇ ಪ್ರಶ್ನೆಯಿಂದ ಸಡಿಲಿಸಿದಳು. ಮಕ್ಕಳೊಂದಿಗರಾದ ಗೃಹಸ್ಥರಿಗೆ ಆ ವೃತ್ತಾಂತವು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಅರಿಕೆ ಮಾಡುತ್ತೇನೆ.

ನಮ್ಮ ನಡುಮನೆಯ ಕಿಟಕಿಯ ಚೌಕಟ್ಟಿನಲ್ಲಿ ಕುಂಬಾರಹುಳುವೊಂದು ಗೂಡು ಕಟ್ಟತೊಡಗಿತು. ಇದು ಕಣಜದ ಜಾತಿಗೆ ಸೇರಿದುದು. ಒದ್ದೆ ಮಣ್ಣನ್ನು ಸಣ್ಣ ಸಣ್ಣ ಉಂಡೆಗಳಾಗಿ ಬಾಯಲ್ಲಿ ತಂದು, ಬೊಟ್ಟಿನ ತುದಿಯಷ್ಟು ಅಗಲದ ಕುಡಿಕೆಯೊಂದನ್ನು ಬಹು ಅಚ್ಚುಕಟ್ಟಾಗಿ ರಚಿಸುವುದು. ಅನಂತರ ಅದು ಹಸುರು ಹುಳುಗಳನ್ನು ಒಂದೊಂದಾಗಿ ಹೊತ್ತು ತಂದು ಒಳಗೆ ತುರುಕುವುದನ್ನು ಕಂಡು ಹುಡುಗಿಯು, “ತಾತ, ಇದು ಯಾಕೆ ಹೀಗೆ ಮಾಡುತ್ತದೆ?” ಎಂದು ಕೇಳಿದಳು.

ನನ್ನಲ್ಲಿ ಉತ್ತರವು ಸಿದ್ಧವಾಗಿಯೇ ಇದ್ದಿತು. ಸಂಸ್ಕೃತದಲ್ಲಿ ಭ್ರಮರಕೀಟನ್ಯಾಯವೆಂಬುದೊಂದುಂಟು. ಗೂಡಿನಲ್ಲಿ ಸೆರೆಯಾದ ಕೀಟವು ಭಯದಿಂದ ಎಡೆಬಿಡದೆ ಭ್ರಮರವನ್ನೇ ಧ್ಯಾನಿಸುತ್ತ, ಕಡೆಗೆ ತಾನೂ ಭ್ರಮರವೇ ಆಗುವುದೆಂದು ಅದರ ತಾತ್ಪರ್ಯ. ಎಷ್ಟೋ ತರಗತಿಗಳಲ್ಲಿ ಹೇಳಿದ್ದ ಆ ಮಾತನ್ನು ಇವಳಿಗೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಎಣಿಸಿದ್ದೇನೆ ತಾತ, ಐದು ಹುಳು ಒಳಗೆ ಹೋದವು. ಹಾಗಾದರೆ ಐದು ಕುಂಬಾರಹುಳು ಹೊರಗೆ ಬರಬೇಕಲ್ಲವೆ?” ಎಂದಳು.

ಇಷ್ಟು ಸಣ್ಣ ಲೆಕ್ಕವು ನನಗೆ ಎಂದೂ ಹೊಳೆದಿರಲಿಲ್ಲ. ಗದರಿಸಿ ಸುಮ್ಮನಾಗಿಸಬಹುದಾಗಿತ್ತು. ಆದರೆ ಆಗ ಪ್ರಶ್ನೋಪನಿಷತ್ತಿನ ಪಿಪ್ಪಲಾದ ಮಹರ್ಷಿಯು ನೆನಪಿಗೆ ಬಂದನು. ಆರು ಮಂದಿ ಜಿಜ್ಞಾಸುಗಳು ತನ್ನ ಬಳಿಗೆ ಬಂದಾಗ ಅವರನ್ನು ಒಂದು ವರ್ಷ ತನ್ನೊಡನೆ ಇರಹೇಳಿ, ಆಮೇಲೆ ಕೇಳುವ ಪ್ರಶ್ನೆಗಳಿಗೆ ತನಗೆ ತಿಳಿದಿದ್ದ ಪಕ್ಷದಲ್ಲಿ ಉತ್ತರ ಕೊಡುವುದಾಗಿ ಆತನು ಹೇಳಿದನು. ಅಂತಹ ಋಷಿಯೇ ‘ತಿಳಿದಿದ್ದರೆ’ ಎಂಬುದನ್ನು ಸೇರಿಸಿರುವಾಗ ನನ್ನಂಥವನಿಗೆ ಸಂಕೋಚವೇತಕ್ಕೆ? “ಕಾದು ನೋಡೋಣ, ಮಗು” ಎಂದೆನು.

ಅಂದಿನಿಂದ ಅದು ಮನೆಮಂದಿಯ ಕೆಲಸವಾಯಿತು. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಎಲ್ಲರೂ ಕಿಟಕಿಯ ಬಳಿ ಸೇರುತ್ತಿದ್ದೆವು. ಕಣ್ಣಾರೆ ಕಂಡುದನ್ನು ಪುಸ್ತಕದ ಎಡಪುಟದಲ್ಲಿಯೂ, ಊಹಿಸಿದುದನ್ನು ಅಥವಾ ಕೇಳಿದುದನ್ನು ಬಲಪುಟದಲ್ಲಿಯೂ ಬರೆಯತಕ್ಕದ್ದೆಂದು ಕಟ್ಟು ಮಾಡಿಕೊಂಡೆವು. ನನ್ನ ನ್ಯಾಯವು ಬಲಪುಟಕ್ಕೆ ಹೋಯಿತು! ಹಬ್ಬಕ್ಕೆ ಧೂಳು ಹೊಡೆಯುವಾಗ ಸೊಸೆಯು ಆ ಮೂಲೆಯೊಂದನ್ನು ಮುಟ್ಟದೆ ಬಿಟ್ಟಳು. ಇಪ್ಪತ್ತನಾಲ್ಕನೆಯ ದಿನ ಕುಡಿಕೆಯಲ್ಲಿ ದುಂಡನೆಯ ರಂಧ್ರವಾಗಿದ್ದಿತು; ಪಕ್ಕದಲ್ಲಿ ಹೊಸ ಕುಂಬಾರಹುಳು ಮೀಸೆ ಒರೆಸಿಕೊಳ್ಳುತ್ತ ಕುಳಿತಿದ್ದಿತು. ಬರಿದಾದ ಗೂಡನ್ನು ಬಿಡಿಸಿ ನೋಡಿದೆವು. ಒಣಗಿದ ಚರ್ಮದ ಚೂರುಗಳು ಹೊರತು ಮತ್ತೇನೂ ಇರಲಿಲ್ಲ. ಅವಳು ಎಡಪುಟದಲ್ಲಿ ಬರೆದಳು: “ಹೋದದ್ದು ಐದು. ಬಂದದ್ದು ಒಂದು.”

ಕಾರಣವನ್ನು ಗ್ರಂಥಗಳಲ್ಲಿ ಹುಡುಕಿದೆವು. ಫ್ರಾನ್ಸ್ ದೇಶದ ಝಾನ್ ಆನ್ರಿ ಫಾಬ್ರ್ (1823–1915) ಎಂಬಾತನು ಬಹುಕಾಲ ಉಪಾಧ್ಯಾಯನಾಗಿದ್ದವನು. 1879ರಲ್ಲಿ ಸೆರಿಞಾನ್ ಗ್ರಾಮದ ಕಲ್ಲುನೆಲವೊಂದರಲ್ಲಿ ಸಂಸಾರಸಮೇತ ನೆಲಸಿ, ತನ್ನ ಮಕ್ಕಳನ್ನೇ ಸಹಾಯಕ್ಕೆ ಇಟ್ಟುಕೊಂಡು ಕೀಟಗಳನ್ನು ಪರಿಶೀಲಿಸಿ, 1907ರ ವೇಳೆಗೆ 10 ಸಂಪುಟಗಳನ್ನು ಪ್ರಕಟಿಸಿದನು. ಕುಂಬಾರಹುಳುವು ಮೊಟ್ಟೆಯನ್ನು ಗೂಡಿನ ಮೇಲ್ಛಾವಣಿಯಿಂದ ಸಣ್ಣ ಎಳೆಯೊಂದರಲ್ಲಿ ತೂಗಬಿಡುವುದನ್ನು ಆತನು ಕಂಡು ಬರೆದಿದ್ದಾನೆ. ತಾಯಿಯು ಹಸುರು ಹುಳುಗಳನ್ನು ಕುಟುಕಿ ಸ್ತಬ್ಧಗೊಳಿಸುವುದೇ ಹೊರತು ಕೊಲ್ಲುವುದಿಲ್ಲ. ಆದುದರಿಂದ ಅವು ಕೊಳೆಯವು. ಮೊಟ್ಟೆಯೊಡೆದ ಮರಿಗೆ ಅವೇ ಆಹಾರ.

“ನಾನು ನಿನಗೆ ಹೇಳಿದ್ದು ತಪ್ಪು” ಎಂದು ಮೊಮ್ಮಗಳ ಎದುರಿಗೆ ಒಪ್ಪಿಕೊಂಡೆನು. ನಾಲಗೆ ಸುಲಭವಾಗಿ ತಿರುಗಲಿಲ್ಲವೆಂಬುದು ನಿಜ. ಧ್ಯಾನದ ಮಹಿಮೆಗೆ ಉಪಮಾನವಾಗಿ ಆ ನ್ಯಾಯದ ಬೆಲೆಯು ಕುಗ್ಗದು; ಹುಳುವಿನ ಚರಿತ್ರೆಯಾಗಿ ಮಾತ್ರ ಅದು ನಿಲ್ಲದು. ನನ್ನ ಗೌರವಕ್ಕೆ ಕುಂದು ಬಂದೀತೆಂದು ಹೆದರಿದ್ದೆನು. ಮಾರನೆಯ ದಿನದಿಂದ ಅವಳು ನನ್ನಲ್ಲಿ ಹೆಚ್ಚು ಪ್ರಶ್ನೆಗಳನ್ನು ಕೇಳತೊಡಗಿದಳು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಕೆಲವು ದಿನಗಳ ಮೇಲೆ ಮತ್ತೊಂದು ಕುಡಿಕೆಯು ಏಳಲು, ಹುಡುಗಿಯು ಕಡ್ಡಿಯೊಂದನ್ನು ಹಿಡಿದು ಅದನ್ನು ಒಡೆಯಲು ನಿಂತಳು. ಒಳಗಿನ ಹುಳುಗಳನ್ನು ಬಿಡಿಸಬೇಕೆಂಬುದು ಅವಳ ಹಟ. ಅವಳ ಅಜ್ಜಿಯು, “ಅದೂ ತಾಯಿಯೇ ಮಗು, ಮರಿಗೆ ಬುತ್ತಿ ಕಟ್ಟಿಟ್ಟಿದೆ” ಎಂದಳು. “ಹಸುರು ಹುಳುವಿಗೂ ತಾಯಿ ಇರುವಳಲ್ಲ, ಅಜ್ಜಿ?” ಎಂದು ಹುಡುಗಿಯು ಅತ್ತಳು. ಯಾರಿಗೂ ಮಾತು ಹೊರಡಲಿಲ್ಲ. ನನ್ನನ್ನು ನೋಡಿದಾಗ, “ನನಗೂ ತಿಳಿಯದು” ಎಂದಷ್ಟೇ ಹೇಳಿದೆನು. ಅವಳು ಬಹಳ ಹೊತ್ತು ನಿಂತಿದ್ದು ಕಡ್ಡಿಯನ್ನು ಕೆಳಗಿಟ್ಟಳು. ಸಂಜೆ ಹಿತ್ತಲಿನ ಕರಿಬೇವಿನ ಗಿಡದಿಂದ ಅವಳ ತಾಯಿಯು ಹುಳುಗಳನ್ನು ಕಿತ್ತೆಸೆಯಲು ಹೋದಾಗ, “ಅಮ್ಮ, ಇವಕ್ಕೆ ಎರಡು ಕೊಂಬೆ ಬಿಟ್ಟುಕೊಡು” ಎಂದು ಅಡ್ಡ ನಿಂತಳು. ಬಿಟ್ಟುಕೊಟ್ಟೆವು. ಒಗ್ಗರಣೆಗೆ ಏನೂ ಕೊರತೆಯಾಗಲಿಲ್ಲ. ಕೆಲವು ವಾರಗಳಲ್ಲಿ ಅಲ್ಲಿಂದ ಚಿಟ್ಟೆಗಳು ಎದ್ದವು.

ಜಿಜ್ಞಾಸೆಯೂ ದಯೆಯೂ ಬೇರೆ ಬೇರೆ ಪಾಠಗಳೆಂದು ನಾವು ಎಣಿಸುತ್ತೇವೆ. ನಿಧಾನವಾಗಿ ನೋಡಲು ಕಲಿತ ಕಣ್ಣಿಗೆ ಇನ್ನೊಂದು ಜೀವದ ಕಷ್ಟವೂ ಕಾಣದೆ ಇರದು. ಇದಕ್ಕೆ ಹಣವೂ ಉಪಕರಣವೂ ಬೇಡ. ಹಿತ್ತಲಿಲ್ಲದ ಪಟ್ಟಣದ ಮನೆಗಳಲ್ಲಿ ಕಿಟಕಿಯ ಕುಂಡವೊಂದು ಸಾಕು; ಇರುವೆಯ ಸಾಲಾದರೂ ಆದೀತು. ದಿನಕ್ಕೆ ಕಾಲು ಗಂಟೆ ಮನೆಯವರೆಲ್ಲರೂ ಜೊತೆಯಲ್ಲಿ ನೋಡತಕ್ಕದ್ದು, ಕಂಡುದನ್ನು ಬರೆಯತಕ್ಕದ್ದು, ತಿಳಿಯುವ ಆತುರದಲ್ಲಿ ಜೀವವನ್ನು ನೋಯಿಸದಿರತಕ್ಕದ್ದು. ಹಿರಿಯರು ತಿಳಿಯದುದನ್ನು ತಿಳಿಯದೆನ್ನಲು ನಾಚದಿರತಕ್ಕದ್ದು.

ನಮ್ಮ ಪುಸ್ತಕವು ಈಗ ಮುಕ್ಕಾಲು ತುಂಬಿದೆ. ಅದರ ಒಂದು ಪುಟದ ನೆತ್ತಿಯಲ್ಲಿ, “ಹಸುರು ಹುಳುವಿಗೂ ತಾಯಿ ಇರುವಳಲ್ಲ?” ಎಂದು ಅವಳ ಕೈಬರಹವಿದೆ. ಕೆಳಗೆ ಉತ್ತರಕ್ಕೆಂದು ಬಿಟ್ಟ ಜಾಗವು ಇನ್ನೂ ಖಾಲಿಯಾಗಿದೆ. ಅದನ್ನು ತುಂಬುವ ಅವಸರವು ನನಗಿಲ್ಲ.